ಎಲ್ವೀರಾ ಅವರ ಖಾಲಿ ಚೀಲ

ಹೆಗಲಿಗೊಂದು ಚೀಲವಿಲ್ಲದೆ ಎಲ್ವೀರಾ ಮನೆಯಿಂದ ಹೊರಗೆ ಕಾಲಿಟ್ಟವರಲ್ಲ. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡ ಮೇಲೆ ದಿನಾ ನಡೆಯಲೇಬೇಕೆಂದು ಡಾಕ್ಟರು ಹೇಳಿದ್ದರು. ಹೇಳುವುದು ಸುಲಭ. ನಡೆಸುವ ಕೆಲಸ ಫಿಸಿಯೋಥೆರಪಿಸ್ಟ್ ಆದ ನನ್ನದು. ನಾನಿರುವ ನೋವೈ ಊರಿನಿಂದ ಡೆಟ್ರಾಯಿಟ್‌ನ ಕ್ಲಿನಿಕ್ಕಿಗೆ ಡ್ರೈವ್ ಮಾಡಿಕೊಂಡು ಹೋಗಿ, ಮೆಕ್ಸಿಕೋದಿಂದ ಬಂದು ನೆಲೆಸಿದ್ದ ಈ ದಪ್ಪ ಅಜ್ಜಿಯ ಬೆನ್ನು ಹತ್ತುವುದೇ ನನ್ನ ಪಾಡಾಗಿತ್ತು.

“ಖಾಲಿ ಚೀಲ ಯಾಕೆ?” ಎಂದು ಮೊದಲ ದಿನವೇ ಕೇಳಿದ್ದೆ. ಅವರ ಸ್ಪ್ಯಾನಿಷ್ ಬೆರೆತ ಇಂಗ್ಲಿಷ್ ನನ್ನ ಕಿವಿಯಲ್ಲಿ ಯಾಕೋ ಕನ್ನಡವಾಗಿಯೇ ಉಳಿದಿದೆ: “ಸುಮ್‌ಸುಮ್ನೆ ಬೀದಿ ಸುತ್ತಿದ್ರೆ ಜನ ಏನಂತಾರೆ ಮಿಹಾ? ಚೀಲ ಇದ್ರೆ ಅಂಗಡಿಗೆ ಹೊರಟಿದಾಳೆ ಅನ್ಕೋತಾರೆ.” ಮಿಹಾ ಎಂದರೆ ಮಗಳೇ. ತನಗೋಸ್ಕರ ನಡೆಯುವುದೆಂದರೆ ಅವರಿಗೆ ಕದ್ದು ತಿಂದಷ್ಟು ನಾಚಿಕೆ.

ಕ್ಲಿನಿಕ್ಕಿನಿಂದ ಅವರ ಮನೆಯ ಕಡೆ ನಡೆಸಿಕೊಂಡು ಹೊರಟರೆ, ಬೀದಿಯ ಕೊನೆ ಮುಟ್ಟುವ ಮೊದಲೇ ಬೇಕರಿ ಸಿಗುತ್ತಿತ್ತು. ಮೊಮ್ಮಗಳಿಗೆ ಬನ್ನು ತಗೊಳ್ಳಬೇಕು. ಆಮೇಲೆ ಕಾಯಿಲೆ ಬಿದ್ದ ಗೆಳತಿಯ ಮನೆ. ಬಾಗಿಲಲ್ಲೇ ಅರ್ಧ ಗಂಟೆ ಮಾತು. ನಾನು ಪಕ್ಕದಲ್ಲಿ ನಿಂತು ಹಲ್ಲು ಕಡಿಯುತ್ತಿದ್ದೆ. “ಇದು ವಾಕಿಂಗ್ ಅಲ್ಲ!” ಎಂದರೆ, “ಕೂತ್ಕೊಳ್ಳಲಿಲ್ವಲ್ಲ, ನಿಂತೇ ಮಾತಾಡಿದ್ನಲ್ಲ” ಎಂದು ಮೈ ಕುಲುಕಿಸಿ ನಗುತ್ತಿದ್ದರು. ಆ ಹೃದಯ ಇನ್ನೊಂದು ಪೆಟ್ಟು ತಡೆಯುವಂತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ಅದಕ್ಕೇ ನನಗೆ ಉರಿಯುತ್ತಿತ್ತು.

ಮನೆಗೆ ಬಂದು ಗೊಣಗಿದರೆ ನನ್ನ ಗಂಡ, “ನಿಮ್ಮಮ್ಮ ಏನ್ ಕಮ್ಮಿನಾ? ಟ್ರೆಡ್‌ಮಿಲ್ ಮೇಲೆ ಸೀರೆ ಒಣ ಹಾಕಿದಾರೆ ನೋಡು” ಎಂದು ಬಾಯಿ ಮುಚ್ಚಿಸುತ್ತಿದ್ದ.

ಚಳಿಗಾಲದಲ್ಲಿ ಎಲ್ವೀರಾ ಅವರ ಮಗಳಿಗೆ ಎರಡನೇ ಮಗುವಾಯಿತು. ಕ್ಲಿನಿಕ್ಕಿಗೆ ಬರುವುದನ್ನೇ ನಿಲ್ಲಿಸಿದರು. ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: “ಮಗು ಸ್ವಲ್ಪ ದೊಡ್ಡದಾಗ್ಲಿ ಮಿಹಾ.” ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ನಡೆಯಿರಿ ಎಂದೆ. ಮಗುವಿಗೆ ಚಳಿಯಂತೆ. ಬೇಡಿಕೊಂಡೆ, ಗದರಿದೆ, ಹೆದರಿಸಿದೆ. ಗೋಡೆಗೆ ಹೇಳಿದ ಹಾಗಾಯಿತು.

ಬೇಸಗೆಯಲ್ಲಿ ಮಗುವಿಗೆ ಚರ್ಚಿನಲ್ಲಿ ಮಾಡಿಸಿದ ದೀಕ್ಷಾಸ್ನಾನದ ಊಟಕ್ಕೆ ಕರೆದರು. ಹೋದಾಗ ಒಲೆಯ ಮುಂದೆ ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು, ಕುತ್ತಿಗೆಯೆಲ್ಲ ಬೆವರು, ಒಂದು ಕೈ ಎದೆಯ ಮೇಲೆ.

“ಯಾವಾಗಿಂದ?”

“ಬೆಳಗ್ಗೆಯಿಂದ. ಮಗಳಿಗೆ ಹೇಳ್ಬೇಡ. ಕೇಕ್ ಕಟ್ ಆಗ್ಲಿ, ಆಮೇಲೆ ಹೋಗೋಣ.”

ನಾನು ಆಗಲೇ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದೆ. ಸ್ಟ್ರೆಚರ್ ಮೇಲೆ ಮಲಗಿಸಿದಾಗ ನನ್ನ ಕೈ ಹಿಡಿದು ಕೇಳಿದರು, “ಎಲ್ರೂ ಊಟ ಮಾಡಿದ್ರಾ?”

“ಮಾಡಿದ್ರು” ಎಂದೆ. ಯಾರೂ ಮಾಡಿರಲಿಲ್ಲ.

ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು. ನನ್ನ ಸಿಟ್ಟು ಇನ್ನೂ ಹಾಗೇ ಇದೆ, ಬೈಯೋಣವೆಂದರೆ ಅವರಿಲ್ಲ.