ಗ್ರೌಹೇಯ್ದಿಯ ಚಿಲಕವಿಲ್ಲದ ಬಾಗಿಲು

ಅಕ್ಟೋಬರ್ ಮುಗಿಯುತ್ತ ಬಂದಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ರೌಹೇಯ್ದಿ ಬಯಲಿನ ನಟ್ಟನಡುವೆ, ಕೆಂಪು ತಗಡಿನ ತಂಗುಮನೆಯ ಎದುರು ಸ್ಟೀನ್ವೋರ್ ಮಂಡಿಯೂರಿ ಹೊಸ್ತಿಲಿನ ಹಿಮ ಕೆರೆಯುತ್ತಿದ್ದಾರೆ. ಮೊದಲು ಸಲಿಕೆ, ಆಮೇಲೆ ಪೊರಕೆ, ಕೊನೆಗೆ ಕೈಗವಸು ಕಳಚಿ ಬರಿಗೈ. ಬಾಗಿಲ ಸಂದಿಯಲ್ಲಿ ಬೆರಳಾಡಿಸಿ, ಮಂಜು ಎಲ್ಲೂ ಕಚ್ಚಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಹೊರಗಿನಿಂದ ಮೆಲ್ಲಗೆ ತಳ್ಳುತ್ತಾರೆ. ಬಾಗಿಲು ತೆರೆದುಕೊಳ್ಳುತ್ತದೆ.

"ಹೀಗೇ ಇರ್ಬೇಕು. ಸುಸ್ತಾಗಿ ಬಿದ್ದವನ ತಲೆ ತಾಗಿದ್ರೂ ತೆರ್ಕೋಬೇಕು," ಎನ್ನುತ್ತಾರೆ.

ಈ ಬಯಲಿನ ಹಿಮಗಾಳಿಗೆ ಸಿಕ್ಕು ಬದುಕಿ ಬಂದವರು ನಮ್ಮ ಕಣಿವೆಯಲ್ಲಿ ಮನೆಗೊಬ್ಬರಾದರೂ ಇದ್ದಾರೆ. ಒಲೆಯ ಪಕ್ಕದ ಒಣಸೌದೆ, ಬೆಂಕಿಪೊಟ್ಟಣ, ಉಣ್ಣೆ ಕಂಬಳಿ, ಡಬ್ಬಿಯಲ್ಲಿನ ಒಣಮೀನು ಅವರೆಲ್ಲರ ಜೀವ ಉಳಿಸಿವೆ. ಇಟ್ಟವರು ಯಾರೆಂದು ಕೇಳಿದವರು ಮಾತ್ರ ಕಡಿಮೆ. ಅರವತ್ತೆಂಟರ ಸ್ಟೀನ್ವೋರ್ ಪ್ರತಿ ವಾರ ಕಡಲಂಚಿಗೆ ಹೋಗಿ, ಅಲೆ ತಂದೊಗೆದ ಮರ ಆಯ್ದು, ಒಣಗಿಸಿ, ಸೀಳಿ, ತಮ್ಮ ಮುದಿ ಜೀಪಿನಲ್ಲಿ ಇಲ್ಲಿಗೆ ಹೇರಿ ತರುತ್ತಾರೆ. ಸಂಬಳವೇನಿಲ್ಲ. ಕಣಿವೆಯ ಪ್ರವಾಸಿಗರ ಸಂಘ ಜೀಪಿಗೆ ಡೀಸೆಲ್ ಹಾಕಿಸುತ್ತದೆ, ಕ್ರಿಸ್ಮಸ್ಸಿಗೆ ಹೊಗೆಯಲ್ಲಿ ಹದ ಮಾಡಿದ ಕುರಿತೊಡೆಯೊಂದನ್ನು ಕಳಿಸುತ್ತದೆ. ಅದೂ ಒಮ್ಮೊಮ್ಮೆ ಮರೆತುಹೋಗುತ್ತದೆ.

ಇವತ್ತು ಸಂಘ ಕಳಿಸಿರುವುದು ಬೇರೆಯದನ್ನು. ಸ್ಟೀನ್ವೋರ್ ಬಗ್ಗೆ ಬರೆಯಲು ಬಂದಿರುವ ನನ್ನ ಜೊತೆ ಅವರ ಅಣ್ಣನ ಮಗ, ಸಂಘದ ಕಾರ್ಯದರ್ಶಿ ಓರ್ರಿಯೂ ಜೀಪಿನಲ್ಲಿ ಬಂದಿದ್ದಾನೆ. ಅವನ ಚೀಲದಲ್ಲಿ ನಂಬರ್ ಒತ್ತಿ ತೆಗೆಯುವ ಹೊಸ ಬೀಗವಿದೆ. ಬೇಸಿಗೆಯಲ್ಲಿ ಬಂದ ಪ್ರವಾಸಿಗರು ಇಲ್ಲಿನ ಒಂದು ಬೆಂಚು ಸೀಳಿ ಉರಿಸಿದರು, ಕಂಬಳಿ ಹೊತ್ತುಕೊಂಡು ಹೋದರು, ಮೂಲೆಯಲ್ಲಿ ಮಾಡಬಾರದ್ದು ಮಾಡಿದರು. ಮೊದಲೇ ಹೇಳಿ ಬಂದವರಿಗಷ್ಟೇ ನಂಬರ್ ಕೊಡಬೇಕೆಂದು ಸಭೆ ತೀರ್ಮಾನಿಸಿದೆ.

"ಅತ್ತೆ, ಆ ಹೊಲಸು ಬಳಿದವರು ನೀವೇ ಅಲ್ವಾ? ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು," ಎನ್ನುತ್ತಾನೆ ಓರ್ರಿ.

"ಬಳಿದೆ ಕಣೋ. ನೀನು ಮಗುವಾಗಿದ್ದಾಗ ನಿಂದೂ ಬಳಿದಿದ್ದೀನಿ. ಹಾಗಂತ ನಿನ್ನ ಹೊರಗೆ ಹಾಕಿ ಬೀಗ ಜಡಿದ್ನಾ?"

ಓರ್ರಿಯ ಮುಖ ಕೆಂಪಾಗುತ್ತದೆ. ಅತ್ತೆ ಬಿಡುವುದಿಲ್ಲ. "ಕೈ ಮರಗಟ್ಟಿದವನು ನಂಬರ್ ಒತ್ತುತ್ತಾನಾ? ಫೋನ್ ಸಿಗದ ಕಡೆ ಯಾರಿಗೆ ಹೇಳಿ ಬರ್ತಾನೆ, ನಿನಗಾ?"

ಒಳಗೆ ಕಾಫಿ ಕಾಯುತ್ತದೆ. ಈ ಬಾಗಿಲಿಗೆ ಒಳಗಿನಿಂದಲೂ ಚಿಲಕವಿಲ್ಲ. ಇದ್ದ ಜಾಗದಲ್ಲಿ ಗರಗಸದ ಗುರುತು ಮಾತ್ರ ಉಳಿದಿದೆ. ಏಕೆಂದು ನಾನು ಕೇಳಿದರೆ ಸ್ಟೀನ್ವೋರ್ ಲೋಟ ಕೆಳಗಿಡುತ್ತಾರೆ. ಆಮೇಲೆ ಹೇಳುತ್ತಾರೆ.

"ಆಗಿನ್ನೂ ನನಗೆ ನಲವತ್ತು. ಡಿಸೆಂಬರ್. ತಪ್ಪಿಸಿಕೊಂಡ ಕುರಿ ಹುಡುಕ್ತಾ ಬಂದವಳು ಗಾಳಿಗೆ ಸಿಕ್ಕೆ. ಮಧ್ಯಾಹ್ನವೇ ಕತ್ತಲು. ಒಳಗೆ ಸೇರಿ ಚಿಲಕ ಹಾಕ್ಕೊಂಡೆ. ಆಗ ಬಾಗಿಲು ತಟ್ಟಿದ ಸದ್ದಾಯ್ತು. ಒಂದೇ ಸಲ."

ಮನುಷ್ಯರಾದವರು ಮೂರು ಸಲ ತಟ್ಟುತ್ತಾರೆ, ಒಂದೇ ಸಲ ತಟ್ಟುವುದು ಮನುಷ್ಯರಲ್ಲ. ಇದನ್ನು ನಮ್ಮಲ್ಲಿ ಅಜ್ಜಿಯಂದಿರು ನಡೆಯಲು ಕಲಿಸುವಾಗಲೇ ಕಲಿಸಿರುತ್ತಾರೆ. ಹಗಲಿನಲ್ಲಿ ನಗುವ ನಾವೇ ಕತ್ತಲಾದ ಮೇಲೆ ಎಣಿಸುತ್ತೇವೆ.

"ನಾನೂ ಎಣಿಸ್ದೆ. ಎರಡನೇದು ಬರಲಿ ಅಂತ ಉಸಿರು ಬಿಗಿಹಿಡಿದು ಕೂತೆ. ಬರ್ಲೇ ಇಲ್ಲ. ತೆಗೀಲಿಲ್ಲ. ಬೆಳಿಗ್ಗೆ ಗಾಳಿ ನಿಂತ ಮೇಲೆ ನೋಡಿದ್ರೆ ಮೆಟ್ಟಿಲ ಮೇಲೆ ಒಂದು ಕೈಗವಸು. ಸೆಟೆದು ಕಲ್ಲಾಗಿತ್ತು. ಸೂರಿನ ಕೆಳಗೆ ಹೆಜ್ಜೆ. ಬಂದ ಹೆಜ್ಜೆ. ಹೋಗಿದ್ದು ಇರ್ಲಿಲ್ಲ."

ರಕ್ಷಣಾ ತಂಡ ಬಯಲನ್ನೆಲ್ಲ ಜಾಲಾಡಿತು. ದೇಹ ಸಿಗಲಿಲ್ಲ. ಯಾವ ಊರಿನಲ್ಲೂ ಯಾರೂ ಕಾಣೆಯಾಗಿರಲಿಲ್ಲ. ಆ ಕೈಗವಸನ್ನು ಹೆಣೆದ ಬಗೆ ನಮ್ಮ ಕಣಿವೆಯದಲ್ಲ ಎಂದು ಹೆಂಗಸರು ಹೇಳಿದರು.

"ಮನುಷ್ಯ ಆಗಿದ್ರೆ ನಾನೇ ಕೊಂದೆ," ಎನ್ನುತ್ತಾರೆ ಸ್ಟೀನ್ವೋರ್. "ಅಲ್ಲದೆ ಇದ್ರೆ? ಅದಕ್ಕೂ ಚಳಿ ಆಗಿತ್ತಲ್ಲ. ಸುಮ್ಮನೆ ಯಾಕೆ ತಟ್ಟುತ್ತೆ?"

ಮುಂದಿನ ವಾರವೇ ಗರಗಸ ತಂದು ಚಿಲಕ ಕೊಯ್ದು ಹಾಕಿದರು. ಅಂದಿನಿಂದ ಈ ಮನೆ ಅವರ ಪಾಲಿಗೇ ಬಿತ್ತು.

ಓರ್ರಿಗೆ ಈ ಕಥೆ ಹೊಸದಲ್ಲ. ಅವನು ಕೆಮ್ಮಿ, ಚೀಲದಿಂದ ಬೀಗ ತೆಗೆದು ಮೇಜಿನ ಮೇಲಿಡುತ್ತಾನೆ. "ಅತ್ತೆ, ಸಭೆ ಒಪ್ಪಿಯಾಗಿದೆ. ಇವತ್ತೇ ಕೂರಿಸಿ..."

ಬಾಗಿಲು ತಟ್ಟಿದ ಸದ್ದು. ಒಂದೇ ಸಲ.

ಸುಳ್ಳು ಹೇಳುವುದಿಲ್ಲ, ನಾನೂ ಎಣಿಸುತ್ತಿದ್ದೇನೆ. ಮನಸ್ಸಿನಲ್ಲೇ ಎರಡನೆಯದಕ್ಕೆ ಕಾಯುತ್ತಿದ್ದೇನೆ. ಬರುವುದಿಲ್ಲ.

"ಗಾಳಿ," ಎನ್ನುತ್ತಾನೆ ಓರ್ರಿ. ಕಿಟಕಿಯಾಚೆ ಹುಲ್ಲೆಸಳೂ ಅಲುಗುತ್ತಿಲ್ಲ. "ತಳ್ಳಿದ್ರೆ ತೆರೆಯೋ ಬಾಗಿಲನ್ನ ಯಾರಾದ್ರೂ ತಟ್ತಾರಾ?" ಈ ಸಲ ಅವನ ದನಿ ಸಣ್ಣದಾಗಿದೆ.

ಸ್ಟೀನ್ವೋರ್ ಆಗಲೇ ಎದ್ದಿದ್ದಾರೆ. ಬಾಗಿಲನ್ನು ಪೂರ್ತಿ ತೆರೆಯುತ್ತಾರೆ. ಹೊರಗೆ ಬೆಳಗಾಗಿದೆ. ಜೀಪಿನಿಂದ ಹೊಸ್ತಿಲವರೆಗೆ ನಮ್ಮ ಮೂವರ ಹೆಜ್ಜೆಗಳಿವೆ. ಉಳಿದ ಹಿಮವನ್ನು ಯಾರೂ ತುಳಿದಿಲ್ಲ.

"ದೇವರು ಇಲ್ಲಿರಲಿ," ಎನ್ನುತ್ತಾರೆ, ನಮ್ಮಲ್ಲಿ ಬಂದವರಿಗೆ ಹೇಳುವ ಹಾಗೆಯೇ. "ಬನ್ನಿ ಒಳಗೆ. ಒಲೆ ಉರೀತಿದೆ."

ಬಾಗಿಲು ಹಿಡಿದು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಕಾಲು ಸೋತವರು ಹೊಸ್ತಿಲು ದಾಟಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಚಳಿ ಒಳಗೆ ನುಗ್ಗುತ್ತದೆ. ನಾನು ಕೋಟಿನ ಗುಂಡಿ ಹಾಕಿಕೊಳ್ಳುತ್ತೇನೆ. ಬಾಗಿಲು ಮುಚ್ಚಿ ಬಂದು ಅವರು ಇನ್ನೊಂದು ಲೋಟಕ್ಕೆ ಕಾಫಿ ಬಗ್ಗಿಸುತ್ತಾರೆ. ಓರ್ರಿ ಬೆಂಚಿನ ತುದಿಗೆ ಸರಿದು ಜಾಗ ಬಿಡುತ್ತಾನೆ.

ಮೇಜಿನ ಮೇಲಿನ ಬೀಗ ಎತ್ತಿಕೊಂಡು ಕೇಳುತ್ತಾನೆ, "ಸಭೇಲಿ ಏನು ಹೇಳ್ಲಿ ಅತ್ತೆ?"

"ಬೀಗ ಹಾಕೋರು ಬೇಕಾದ್ರೆ ಬೇರೆಯವರನ್ನ ಹುಡುಕ್ಕೊಳ್ಳಲಿ ಅನ್ನು," ಎನ್ನುತ್ತಾರೆ ಸ್ಟೀನ್ವೋರ್. "ನಾನು ಒಂದು ಸಲ ತೆಗೀದೆ ಕೂತಿದ್ದೇ ಸಾಕು."