ದಾರ ಇಲ್ಲದ ಪರೀಕ್ಷೆ

ಇದನ್ನು ಹೇಳಿದಾಗಲೆಲ್ಲ ನಮ್ಮ ಮನೆಯಲ್ಲಿ ಒಬ್ಬರಾದರೂ ನಗುತ್ತಾರೆ. ನಗಲಿ. ನಾನು ಧಾರವಾಡದ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವಳು. ದೆವ್ವ, ಗಾಳಿ, ಮಾಟ ಎಂದವರ ಬಾಯಿ ಮುಚ್ಚಿಸುವುದೇ ನನಗೊಂದು ಚಟವಾಗಿತ್ತು. ನನ್ನ ನಾಲಿಗೆ ಕುಂದಗೋಳದ ಮೆಣಸಿನಕಾಯಿಗಿಂತ ಖಾರ ಎಂದು ಸಹೋದ್ಯೋಗಿಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅಂಥವಳಿಗೆ ಕಥೆ ಕಟ್ಟಿ ಆಗಬೇಕಾದದ್ದಾದರೂ ಏನು? ಆ ರಾತ್ರಿ ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಂಪ್ಯೂಟರ್ ಇರುವ ಕೋಣೆಗೆ ದೇವರ ಮನೆಗೆ ಹೋದಂತೆ ಚಪ್ಪಲಿ ಬಿಟ್ಟು ಹೋಗುತ್ತಿದ್ದ ಕಾಲ ಅದು. ಧೂಳು ಕೂತರೆ ಯಂತ್ರ ಕೆಡುತ್ತದೆ ಎಂದು ನಾವೆಲ್ಲ ಹೆದರುತ್ತಿದ್ದೆವು. ನಾಪಾಸಾದವರ ಮರುಪರೀಕ್ಷೆಯನ್ನು ಒಂದು ವಿಷಯದಲ್ಲಿ ಕಂಪ್ಯೂಟರಿನ ಮೇಲೆ ನಡೆಸಿ ನೋಡೋಣ ಎಂದು ನಾನು ವರ್ಷಗಟ್ಟಲೆ ಬೆನ್ನು ಹತ್ತಿದ್ದೆ. ಕೊನೆಗೆ ಒಪ್ಪಿಗೆ ಸಿಕ್ಕಿತು. ಸಂಶಿಯಿಂದ ಆಚೆ ಹೊಲಗಳ ನಡುವೆ ಇದ್ದ ಒಂದು ಕಾಲೇಜಿಗೆ ಆರು ಪುಟ್ಟ ಕಂಪ್ಯೂಟರುಗಳನ್ನು ಜೀಪಿನಲ್ಲಿ ಹಾಸಿಗೆ, ದಿಂಬು ಸುತ್ತಿ ಒಯ್ದೆ. ಕಾಲೇಜಿದ್ದ ಊರಿನ ಹೆಸರು ಬೇಡ.

ವ್ಯವಸ್ಥೆ ಸರಳ. ಪ್ರಶ್ನೆಗಳು ಕನ್ನಡದಲ್ಲಿ ಅಚ್ಚಾಗಿರುತ್ತವೆ, ಎರಡು ಭಾಗ. ವಿದ್ಯಾರ್ಥಿ ಸರಿಯುತ್ತರದ ಅಂಕಿಯ ಗುಂಡಿ ಒತ್ತಬೇಕು. ಉತ್ತರವೆಲ್ಲ ಆ ಯಂತ್ರದ ಫ್ಲಾಪಿಯಲ್ಲಿ ಉಳಿಯುತ್ತದೆ. ಪ್ರೋಗ್ರಾಮು ಬರೆದವಳು ನಾನೇ, ಅದರ ಸೊಕ್ಕೂ ಸ್ವಲ್ಪ ಇತ್ತು.

ಸಂಜೆ ಪರೀಕ್ಷೆಯ ಹಾಲಿನಲ್ಲಿ ತಂತಿ ಜೋಡಿಸುತ್ತಿದ್ದಾಗ ಕಾಲೇಜಿನ ಆಯಾ ಈರವ್ವ ಬಿಳಿ ದಾರದ ಉಂಡೆ ಹಿಡಿದುಕೊಂಡು ಬಂದಳು. ಪರೀಕ್ಷೆಯಲ್ಲಿ ಹೆಚ್ಚಿಗೆ ಪಡೆದ ಹಾಳೆಗಳನ್ನು, ಅಂದರೆ ಪುರವಣಿಗಳನ್ನು, ಉತ್ತರಪತ್ರಿಕೆಗೆ ಸೇರಿಸಿ ಕಟ್ಟುವ ದಾರ.

"ಎಷ್ಟೆಷ್ಟ ಉದ್ದ ಕತ್ತರಸಲ್ರಿ ಅಕ್ಕೋರ?"

"ಬ್ಯಾಡವಾ. ಈ ಪರೀಕ್ಷಾಕ್ಕ ಹಾಳಿನೂ ಇಲ್ಲ, ದಾರಾನೂ ಇಲ್ಲ."

ಈರವ್ವನ ಮುಖ ಸಣ್ಣದಾಯಿತು. "ದಾರಾ ಇಲ್ದ ಪರೀಕ್ಷಾ ಎಂಥಾದ್ರಿ? ದಾರಾ ಸಡ್ಲ ಆಗಿದ್ದಕ್ಕ ನಮ್ಮ ಕಸ್ತೂರಿ ಬಾಳೇವು ಹಾಳಾತು."

ಕಸ್ತೂರಿಯ ವಿಷಯ ನನಗೆ ಗೊತ್ತಿತ್ತು. ನಿಜ ಹೇಳಬೇಕೆಂದರೆ ನಾನು ಈ ಕಾಲೇಜನ್ನೇ ಆರಿಸಿಕೊಂಡದ್ದು ಅವಳಿಗಾಗಿ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಬಲಗೈ ಬೆರಳು ಕಳೆದುಕೊಂಡ ಹುಡುಗಿ. ಎಡಗೈಯಲ್ಲಿ ದೊಡ್ಡ ದೊಡ್ಡ ಅಕ್ಷರ ಬರೆದು ಪುರವಣಿಯ ಮೇಲೆ ಪುರವಣಿ ಪಡೆಯುತ್ತಿದ್ದಳು. ಹಿಂದಿನ ವರ್ಷ ಆ ಕಟ್ಟಿನಿಂದ ಕೆಲವು ಪುರವಣಿಗಳು ಎಲ್ಲೋ ಕಳಚಿ ಹೋದವು. ಬರೆದಿದ್ದೇನೆಂದು ಅವಳು ಅತ್ತರೂ ಕೇಳುವವರಿರಲಿಲ್ಲ, ನಾಪಾಸಾದಳು. ಇದೊಂದು ಸಲ ಪಾಸಾಗದಿದ್ದರೆ ಓದು ಬಂದ್, ಎರಡನೇ ಸಂಬಂಧದವನಿಗೆ ಕೊಟ್ಟುಬಿಡುತ್ತೇನೆ ಎಂದು ಅವಳಪ್ಪ ಹೇಳಿಯಾಗಿತ್ತು. ಗುಂಡಿ ಒತ್ತಲು ಎಡಗೈ ಸಾಕಲ್ಲವೇ!

"ಈ ಡಬ್ಬಿಯೊಳಗ ಏನೂ ಕಳಿಯೂದಿಲ್ಲ, ನೀ ಸುಮ್ಕಿರು," ಎಂದೆ.

ರಾತ್ರಿ ಪ್ರಿನ್ಸಿಪಾಲರ ಮನೆಯಲ್ಲಿ ರೊಟ್ಟಿ ಉಂಡು ಮತ್ತೆ ಹಾಲಿಗೆ ಬಂದೆ. ಹಗಲು ಕರೆಂಟು ಕಣ್ಣಾಮುಚ್ಚಾಲೆ ಆಡುತ್ತಿತ್ತು, ಪರೀಕ್ಷೆಗೆಂದು ಜನರೇಟರ್ ಬರುವುದು ಬೆಳಿಗ್ಗೆ. ಹಾಗಾಗಿ ಎಲ್ಲವನ್ನೂ ಒಮ್ಮೆ ಪೂರ್ತಿ ನಡೆಸಿ ನೋಡಲು ರಾತ್ರಿಯೇ ಸರಿ. ಜೊತೆಗೆ ಇರಲೆಂದು ಈರವ್ವ ಬಂದಳು. ಎಲೆ ಅಡಿಕೆ ಜಗಿದು, ಹಾಲಿನ ಬಾಗಿಲಿಗೆ ಅಡ್ಡಲಾಗಿ ಕಂಬಳಿ ಹಾಸಿ ಮಲಗಿದಳು. ಅವಳನ್ನು ದಾಟದೆ ಬೆಕ್ಕೂ ಒಳಗೆ ಬರುವಂತಿರಲಿಲ್ಲ. ಆ ಹಾಲಿಗೆ ಇದ್ದದ್ದು ಅದೊಂದೇ ಬಾಗಿಲು.

ಕಿಟಕಿಯ ಪಕ್ಕದ ಕೊನೆಯ ಯಂತ್ರ ಕಸ್ತೂರಿಯದು. ನಾನೇ ವಿದ್ಯಾರ್ಥಿಯಾಗಿ ಅದರ ಮುಂದೆ ಕುಳಿತು ಮೊದಲ ಪ್ರಶ್ನೆಯಿಂದ ಶುರು ಮಾಡಿದೆ. ಕಪ್ಪು ಪರದೆಯ ಮೇಲೆ ಹಸಿರು ಅಂಕಿಗಳು. ಹೊರಗೆ ಎರೆಹೊಲದ ಮೇಲಿನ ತಣ್ಣನೆಯ ಗಾಳಿ... ದೂರದಲ್ಲಿ ಯಾವುದೋ ನಾಯಿ... ಬಾಗಿಲಲ್ಲಿ ಈರವ್ವನ ಗೊರಕೆ. ಮೊದಲ ಭಾಗ ಮುಗಿಸಿ ಎರಡನೆಯ ಭಾಗಕ್ಕೆ ಹೋದೆ.

ಆಗ ಕೇಳಿಸಿತು.

ಕಿರ್... ಕಿರ್... ಕಿರ್...

ಲಾಳ ಬಡಿದ ಚಪ್ಪಲಿಯ ಸದ್ದು. ಹಾಲಿನ ಆ ತುದಿಯಿಂದ, ಡೆಸ್ಕುಗಳ ಸಾಲಿನ ನಡುವೆ, ನಿಧಾನವಾಗಿ ಬರುತ್ತಿತ್ತು. ಒಂದು ಡೆಸ್ಕಿನ ಬಳಿ ನಿಂತು, ಮತ್ತೆ ಮುಂದೆ ಸಾಗಿ, ಮತ್ತೆ ನಿಲ್ಲುತ್ತಿತ್ತು. ಪರೀಕ್ಷೆ ಬರೆದವರಿಗೆಲ್ಲ ಆ ನಡಿಗೆ ಗೊತ್ತು. ಅದು ಸೂಪರ್‌ವೈಸರನ ನಡಿಗೆ.

ನನಗೆ ಬಂದದ್ದು ಭಯವಲ್ಲ, ಸಿಟ್ಟು. ಯಾರೋ ಊರಿನವರು ಕಂಪ್ಯೂಟರ್ ನೋಡಲು ಬಂದಿದ್ದಾರೆ, ಅದೂ ಧೂಳಿನ ಚಪ್ಪಲಿ ಹಾಕಿಕೊಂಡು! ಪರದೆಯಿಂದ ಕಣ್ಣು ಕೀಳದೆಯೇ ಗದರಿದೆ:

"ಯಾರ್ರಿ ಅದು? ಚಪ್ಪಲಿ ಹೊರಗ ಬಿಟ್ಟ ಬರ್ರಿ!"

ಸದ್ದು ನಿಂತಿತು. ಕಿರ್ ಕಿರ್ ಎನ್ನುತ್ತ ಬಾಗಿಲ ಕಡೆ ಹೋಯಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ...

ತಪ್... ತಪ್... ತಪ್...

ಬರಿಗಾಲಿನಲ್ಲಿ ವಾಪಸು ಬಂತು.

ಹೇಳಿದ ಮಾತು ಕೇಳಿದರಲ್ಲ ಎಂದು ಮೊದಲು ಸಮಾಧಾನವೇ ಆಯಿತು, ನೋಡಿ. ಆಮೇಲೆ ತಲೆಗೆ ಹೊಳೆಯಿತು. ಬಾಗಿಲಿಗೆ ಅಡ್ಡಲಾಗಿ ಈರವ್ವ ಮಲಗಿದ್ದಾಳೆ. ಅವಳ ಗೊರಕೆ ಒಂದು ಸಲವೂ ತಪ್ಪಿಲ್ಲ. ಹಾಗಿದ್ದರೆ ಒಳಗೆ ಬಂದವರು, ಹೊರಗೆ ಹೋದವರು, ಮತ್ತೆ ಬಂದವರು...

ಹೆಜ್ಜೆ ಸರಿಯಾಗಿ ನನ್ನ ಕುರ್ಚಿಯ ಹಿಂದೆ ಬಂದು ನಿಂತಿತು. ತಪಕೀರಿನ, ಅಂದರೆ ನಶ್ಯದ, ಗಾಟು ವಾಸನೆ ಮೂಗಿಗೆ ಹೊಡೆಯಿತು. ನನ್ನಪ್ಪನೂ ತಪಕೀರು ಸೇದುತ್ತಿದ್ದ, ಆ ವಾಸನೆಯಲ್ಲಿ ನಾನು ತಪ್ಪಲಾರೆ. ಯಾರೋ ಬಗ್ಗಿ ನನ್ನ ಪರದೆ ನೋಡುತ್ತಿದ್ದರು. ಅವರ ಉಸಿರು ನನಗೆ ಕೇಳುತ್ತಿತ್ತು.

ತಿರುಗಿ ನೋಡಬೇಕಿತ್ತು. ಆಗಲಿಲ್ಲ. ಹುಡುಗಿಯಾಗಿದ್ದಾಗ ಪರೀಕ್ಷೆಯಲ್ಲಿ ಹಿಂದೆ ಮೇಷ್ಟ್ರು ನಿಂತರೆ ತಲೆ ಎತ್ತುತ್ತಿರಲಿಲ್ಲ. ಅದೇ ಅಭ್ಯಾಸ ನನ್ನ ಕತ್ತನ್ನು ಹಿಡಿದುಬಿಟ್ಟಿತು. "ಈರವ್ವಾ..." ಎಂದು ಕೂಗಿದೆ. ಬಂದದ್ದು ಪಿಸುಮಾತಿನಷ್ಟು ದನಿ.

ಅಷ್ಟರಲ್ಲಿ ಕರೆಂಟು ಹೋಯಿತು.

ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಆ ಕತ್ತಲಲ್ಲಿ ನನ್ನ ಡೆಸ್ಕಿನ ಮೇಲೆ, ಕೈಯ ಪಕ್ಕದಲ್ಲಿಯೇ, ಕೀಲಿಕೈ ಗೊಂಚಲಿನಿಂದ ಬಡಿದಂತೆ ಟಣ್, ಟಣ್ ಎಂದಿತು. ಆಮೇಲೆ ಒಂದು ದನಿ. ಗಟ್ಟಿಯಾಗಿ ಅಲ್ಲ. ದಣಿದ, ಒಣಗಿದ ಗಂಡಸಿನ ದನಿ.

"ದಾರಾ ಕಟ್ಟರಿ... ದಾರಾ ಕಟ್ಟರಿ..."

ಪರೀಕ್ಷೆ ಮುಗಿಯುವ ಮುನ್ನ ನಮ್ಮ ಕಡೆಯ ಸೂಪರ್‌ವೈಸರುಗಳು ಹೇಳುವ ಮಾತೇ ಅದು. ಪುರವಣಿ ಕಟ್ಟಿಕೊಳ್ಳಿ, ಬಿಡಿಯಾಗಿ ಬಿಡಬೇಡಿ ಎಂದು.

ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೋ ಗೊತ್ತಿಲ್ಲ. ಕರೆಂಟು ಬಂತು. ಬಲ್ಬು ಹತ್ತಿತು. ಹಿಂದೆ ಇನ್ನೂ ಯಾರೋ ಇದ್ದರು, ವಾಸನೆ ಹಾಗೆಯೇ ಇತ್ತು. ಎದ್ದು ಓಡಬೇಕೆಂದರೆ ಅವರ ಕಡೆ ತಿರುಗಲೇಬೇಕು. ಕೈಗೆ ಏನಾದರೂ ಕೆಲಸ ಬೇಕಾಗಿತ್ತು ನನಗೆ. ಯಂತ್ರ ಮತ್ತೆ ಶುರು ಮಾಡಿ, ಕರೆಂಟು ಹೋಗುವ ಮುಂಚೆ ಉಳಿದ ಉತ್ತರಗಳು ಎಷ್ಟಿವೆ ನೋಡೋಣ ಎಂದು ಫ್ಲಾಪಿ ತೆರೆದೆ.

ಎರಡನೆಯ ಭಾಗದ ಉತ್ತರಗಳಿದ್ದವು. ಮೊದಲನೆಯ ಭಾಗ ಇರಲಿಲ್ಲ.

ಇನ್ನೊಮ್ಮೆ ನೋಡಿದೆ. ಇಲ್ಲ. ಆಗ ತಿಳಿಯಿತು ನನ್ನ ಘನಕಾರ್ಯ. ಎರಡೂ ಭಾಗಗಳಿಗೆ ಒಂದೇ ಕಡತದ ಹೆಸರು ಕೊಟ್ಟಿದ್ದೆ. ಎರಡನೆಯ ಭಾಗ ಶುರುವಾದ ಕೂಡಲೇ ಅದು ಮೊದಲನೆಯದನ್ನು ಅಳಿಸಿ ಅದರ ಜಾಗದಲ್ಲಿ ಬರೆಯುತ್ತಿತ್ತು. ಧಾರವಾಡದಲ್ಲಿ ಎರಡೂ ಭಾಗಗಳನ್ನು ಬೇರೆ ಬೇರೆ ದಿನ ಪರೀಕ್ಷಿಸಿ, ಎಲ್ಲಾ ಸರಿ ಇದೆ ಎಂದು ಬೆನ್ನು ತಟ್ಟಿಕೊಂಡಿದ್ದೆ. ಆರೂ ಯಂತ್ರಗಳಲ್ಲಿ ಅದೇ ಪ್ರೋಗ್ರಾಮು. ಬೆಳಿಗ್ಗೆ ಕಸ್ತೂರಿ ಎಡಗೈಯಲ್ಲಿ ಒತ್ತಿದ ಅರ್ಧ ಉತ್ತರಗಳು ಮತ್ತೆ ಹೋಗಿಬಿಡುತ್ತಿದ್ದವು. ಈ ಸಲವೂ ಬರೆದಿದ್ದೇನೆಂದು ಅವಳು ಅಳುತ್ತಿದ್ದಳು, ಈ ಸಲವೂ ಯಾರೂ ನಂಬುತ್ತಿರಲಿಲ್ಲ. ಕಂಪ್ಯೂಟರ್ ಸುಳ್ಳು ಹೇಳುತ್ತದೆಯೇ?

ಓಡಿಹೋಗುವ ಮಾತೇ ಉಳಿಯಲಿಲ್ಲ. ಆರೂ ಯಂತ್ರಗಳ ಪ್ರೋಗ್ರಾಮು ಬೆಳಗಾಗುವುದರೊಳಗೆ ತಿದ್ದಬೇಕು, ತಿದ್ದಬಲ್ಲವಳು ಆ ಊರಲ್ಲಿ ನಾನೊಬ್ಬಳೇ. ಬಾಯಲ್ಲಿ ಶಿವಶಿವಾ ಎನ್ನುತ್ತ ಶುರು ಮಾಡಿದೆ. ದೇವರನ್ನು ನಾನು ಅಷ್ಟು ಮನಸಾರೆ ಕರೆದದ್ದು ಅದೇ ಮೊದಲು. ಒಂದು ಯಂತ್ರ ಮುಗಿಸಿ ಮುಂದಿನದಕ್ಕೆ ಸರಿಯುತ್ತಿದ್ದೆ, ನೆಲ ನೋಡಿಕೊಂಡೇ. ಹಿಂದೆ ಹೆಜ್ಜೆಗಳೂ ಸರಿಯುತ್ತಿದ್ದವು. ತಪ್... ತಪ್... ನಾನು ಕುಳಿತರೆ ಅವೂ ನಿಲ್ಲುತ್ತಿದ್ದವು. ಎಲ್ಲೋ ನಡುವೆ ಒಂದು ಸಾಲು ತಪ್ಪು ಹೊಡೆದೆ. ಹಿಂದೆ ಕೀಲಿಕೈ ಒಮ್ಮೆ ಸಣ್ಣಗೆ ಗಲಿರೆಂದಿತು. ಅಳು ಬಂತು ನನಗೆ. ಅಳುತ್ತಲೇ ಆ ಸಾಲನ್ನು ತಿದ್ದಿದೆ.

ತಿದ್ದಿದ ಆರನೆಯ ಯಂತ್ರದಲ್ಲಿ ಎರಡೂ ಭಾಗ ಉತ್ತರಿಸಿ, ಫ್ಲಾಪಿ ತೆರೆದು ನೋಡಿದೆ. ಎರಡೂ ಇದ್ದವು. ಹಿಂದೆ ಒಂದು ದೀರ್ಘ ಉಸಿರು... ಹೆಜ್ಜೆಗಳು ಬಾಗಿಲ ಕಡೆ ಹೋದವು. ತಪಕೀರಿನ ವಾಸನೆ ಕಡಿಮೆಯಾಗುತ್ತ ಹೋಯಿತು. ಕಿಟಕಿಯಲ್ಲಿ ಬೆಳಕು ಹರಿಯುವವರೆಗೆ ನಾನು ಕುರ್ಚಿಯಿಂದ ಏಳಲಿಲ್ಲ.

ಎಬ್ಬಿಸಿದ್ದು ಈರವ್ವನ ದನಿ. "ಅಕ್ಕೋರ, ಇವು ಯಾರ ಚಪ್ಪಲಿರಿ?"

ಬಾಗಿಲ ಹೊರಗೆ ನನ್ನ ಚಪ್ಪಲಿಯ ಬಾಜೂಕ್ಕೆ ಇನ್ನೊಂದು ಜೋಡಿ ಇತ್ತು. ಗಂಡಸಿನವು. ಹಳೆಯವು, ಹಿಮ್ಮಡಿಗೆ ಕಬ್ಬಿಣದ ಲಾಳ ಬಡಿದವು. ನೀಟಾಗಿ, ಜೋಡಿಸಿ ಬಿಟ್ಟಂತಿದ್ದವು.

"ಯಾರರ ಬಂದಿದ್ರೇನ್ರಿ ರಾತ್ರಿ?"

"ಇಲ್ಲವಾ," ಎಂದೆ. ಬೇರೆ ಏನು ಹೇಳಲಿ?

ಪರೀಕ್ಷೆ ನಡೆಯಿತು. ಜನರೇಟರ್ ಗುಡುಗುಡು ಎನ್ನುತ್ತಿತ್ತು. ಕಸ್ತೂರಿ ಎಲ್ಲರಿಗಿಂತ ಕೊನೆಗೆ ಎದ್ದಳು. ನಾನು ಅವಳ ಕಣ್ಣೆದುರೇ ಫ್ಲಾಪಿ ತೆರೆದು ತೋರಿಸಿದೆ. ಎಲ್ಲ ಉತ್ತರಗಳೂ ಇದ್ದವು. ಅವಳು ಎಡಗೈಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಹತ್ತಿರ ಸರಿದು ಮೆಲ್ಲಗೆ ಕೇಳಿದಳು.

"ಅಕ್ಕೋರ, ದೇಸಾಯಿ ಸರ್ ಬಂದಿದ್ರೇನ್ರಿ? ಹೋದ ವರ್ಷ ನಮ್ಮ ಹಾಲಿಗೆ ಅವರೇ ಸೂಪರ್‌ವೈಸರ್ ಇದ್ರು. ಇವತ್ತ ಪೂರಾ ಪೇಪರ್ ಮುಗಿಯೂತನಕ ನನ್ನ ಹಿಂದ ಅವರ ತಪಕೀರಿನ ವಾಸನಿ ಬರ್ತಿತ್ರಿ."

ಇಲ್ಲವಾ ಎಂದು ಅವಳನ್ನು ಮನೆಗೆ ಕಳಿಸಿದೆ.

ದೇಸಾಯಿ ಸರ್ ಬಗ್ಗೆ ಪ್ರಿನ್ಸಿಪಾಲರನ್ನು ಕೇಳಿದೆ. ಅವರು ತಲೆ ಅಲ್ಲಾಡಿಸಿದರು. "ಪಾಪ, ಆ ಪುರವಣಿ ಹೋದ ಮ್ಯಾಲ ಅವರು ಅಗದಿ ಸೊರಗಿಬಿಟ್ರು. ದಾರಾ ನಾ ನೋಡಬೇಕಾಗಿತ್ತು, ನಾ ನೋಡಬೇಕಾಗಿತ್ತು ಅಂತ ಅದನ್ನ ಹೇಳತಿದ್ರು. ಬ್ಯಾಸಗ್ಯಾಗ ಲಕ್ವಾ ಹೊಡೀತು."

"ತೀರಿಕೊಂಡ್ರೇನ್ರಿ?"

"ಛೇ ಛೇ, ಇಲ್ರಿ! ದೂರ ಮಿಶ್ರಿಕೋಟಿಯೊಳಗ ಅದಾರ, ಮಗನ ಮನ್ಯಾಗ. ಮಾತಿಲ್ಲ, ಎದ್ದ ಅಡ್ಡ್ಯಾಡಂಗಿಲ್ಲ."

ಸತ್ತಿದ್ದಾರೆ ಎಂದಿದ್ದರೆ ಬಹುಶಃ ನಾನು ಅಷ್ಟು ಹೆದರುತ್ತಿರಲಿಲ್ಲ.

ಫಲಿತಾಂಶ ಬಂತು, ಕಸ್ತೂರಿ ಪಾಸಾದಳು. ಅದನ್ನು ತಿಳಿಸಲೆಂದು ಬಸ್ಸು ಹತ್ತಿ ಮಿಶ್ರಿಕೋಟಿಗೆ ಹೋದೆ. ತಿಳಿಸಲು ಎಂಬುದು ನೆಪ, ಆ ಮನುಷ್ಯನನ್ನು ಒಮ್ಮೆ ಕಣ್ಣಾರೆ ನೋಡದೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಸೊಸೆ ಒಳಗೆ ಕರೆದು ನೀರು ಕೊಟ್ಟಳು. ಮೂಲೆಯ ಮಂಚದಲ್ಲಿ ಕಡ್ಡಿಯಂತಾದ ಒಬ್ಬರು ಮಲಗಿದ್ದರು. ಎಡಗೈಯ ಬೆರಳುಗಳು ಹೊದಿಕೆಯ ಅಂಚನ್ನು ಸುತ್ತುತ್ತ, ಗಂಟು ಹಾಕುತ್ತ ಇದ್ದವು.

"ಬ್ಯಾಸಗಿಂದ ನೆಲಕ್ಕ ಕಾಲ ಇಟ್ಟಿಲ್ರಿ," ಎಂದಳು ಸೊಸೆ. "ಬಾಯೂ ಬಿಟ್ಟಿಲ್ಲ. ಒಮ್ಮಿ ಮಾತ್ರ, ನಡುರಾತ್ರ್ಯಾಗ, ದಾರಾ ಕಟ್ಟರಿ ಅಂತ ಒದರಿದ್ರು. ಮರುದಿನ ನೋಡಿದ್ರ ಬಾಗಿಲದಾಗ ಇಟ್ಟಿದ್ದ ಅವರ ಚಪ್ಪಲಿನೂ ಇಲ್ಲ. ನಾಯಿ ಒಯ್ದಿರಬೇಕು ಬಿಡ್ರಿ."

ನಾನು ಯಾವ ರಾತ್ರಿ ಎಂದು ಕೇಳಲಿಲ್ಲ. ಸೊಸೆ ಚಹಾ ಇಡಲು ಒಳಗೆ ಹೋದಳು. ಮಂಚದ ಹತ್ತಿರ ಬಗ್ಗಿ ಹೇಳಿದೆ: "ಸರ್, ಕಸ್ತೂರಿ ಪಾಸಾದಳ್ರಿ. ಈ ಸಲ ಏನೂ ಕಳೀಲಿಲ್ಲ."

ಬೆರಳುಗಳು ನಿಂತವು. ಕಣ್ಣುಗಳು ನಿಧಾನವಾಗಿ ನನ್ನ ಕಡೆ ಹೊರಳಿದವು. ಅವರು ನೋಡಿದ್ದು ನನ್ನ ಮುಖವನ್ನಲ್ಲ, ನನ್ನ ಹೆಗಲ ಹಿಂದೆ. ತುಟಿ ಅಲ್ಲಾಡಿತು. ತೊದಲುತ್ತಿತ್ತು, ಆದರೆ ದನಿ ಅದೇ. ನನಗೆ ಗೊತ್ತಿದ್ದ ದನಿ.

"ಅವತ್ತ... ನೀವು ತಿರಿಗಿ ನೋಡಲಿಲ್ಲ. ಚಲೋ ಮಾಡಿದ್ರಿ."

ಅಷ್ಟೇ. ಮತ್ತೆ ಕಣ್ಣು ಮುಚ್ಚಿದರು. ಚಹಾ ಬರುವುದರೊಳಗೆ ನಾನು ಬಸ್ ಸ್ಟ್ಯಾಂಡಿನಲ್ಲಿದ್ದೆ.

ತಿರುಗಿದ್ದರೆ ಏನು ಕಾಣುತ್ತಿತ್ತು? ಅವರೇ ಕಾಣುತ್ತಿದ್ದರೆ, ನೋಡದಿದ್ದದ್ದು ಒಳ್ಳೆಯದಾಯಿತು ಎಂದು ಅವರೇಕೆ ಹೇಳಬೇಕು? ಮುಂದಿನ ಮಳೆಗಾಲದಲ್ಲಿ ಅವರು ಹೋದರು, ಆ ಉತ್ತರವೂ ಅವರ ಜೊತೆಗೇ ಹೋಯಿತು. ನಾನು ನಿವೃತ್ತಳಾಗಿ ಎಷ್ಟೋ ಕಾಲವಾಯಿತು. ಮೊಮ್ಮಕ್ಕಳು ಸದ್ದು ಮಾಡದೆ ಬಂದು ನನ್ನ ಕುರ್ಚಿಯ ಹಿಂದೆ ನಿಂತು ಆಟವಾಡುತ್ತವೆ, ಅಜ್ಜಿ ತಿರುಗಿ ನೋಡಲಿ ಎಂದು.

ನಾನು ತಿರುಗುವುದಿಲ್ಲ. ಮೊದಲು ಹೆಸರು ಹಿಡಿದು ಕರೆಯುತ್ತೇನೆ. ಉತ್ತರ ಬರುವವರೆಗೆ ಉಸಿರು ಹಿಡಿದು ಕಾಯುತ್ತೇನೆ.