ಸೊಪ್ಪಿಗೆ ಸೊಪ್ಪು

ಎದುರುಮನೆ ದೊಡ್ಡವ್ವನ ಪರಿಚಯಕ್ಕೆ ನನಗೆ ಬಿದ್ದ ಖರ್ಚು ಒಂದು ಗಾಡಿ ಹಿಪ್ಪನೇರಳೆ ಸೊಪ್ಪು. ಚೌಕಾಸಿಯಲ್ಲಿ ನಾನು ಪೂರ್ತಿ ಸೋತದ್ದು ಅದೊಂದೇ ಸಲ. ಗಾಡಿಯ ನೊಗ ಹಿಡಿದು ನಿಲ್ಲಿಸಿದ ಆ ಕೈ ಈಗಲೂ ಕಣ್ಣಿಗೆ ಕಟ್ಟಿದೆ. ಸೊಪ್ಪು ಚಿವುಟಿ ಚಿವುಟಿ ಹೆಬ್ಬೆರಳ ಉಗುರು ನಡುವೆ ಸವೆದು ಹಳ್ಳ ಬಿದ್ದಿತ್ತು. ಬೆರಳ ಸಂದಿನಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು.

ಆಗಿನ್ನೂ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರಿಗೆ. ನಾನು ಹನೂರು ಕಡೆಯ ಕಾಡಂಚಿನವನು. ಒಂದು ಜೊತೆ ಎತ್ತು, ಒಂದು ಗಾಡಿ ಬಿಟ್ಟರೆ ಬೇರೆ ಆಸ್ತಿ ಇಲ್ಲ. ಕೊಳ್ಳೇಗಾಲದ ಹತ್ತಿರದ ಒಂದು ಹಳ್ಳಿಗೆ ಬಂದು, ಊರಾಚೆ ಪಾಳುಬಿದ್ದಿದ್ದ ಹಿಪ್ಪನೇರಳೆ ತೋಟವನ್ನು ಗುತ್ತಿಗೆ ಹಿಡಿದಿದ್ದೆ. ರೇಷ್ಮೆ ಹುಳ ಸಾಕುವ ಗೋಜಿಗೆ ಹೋಗಿರಲಿಲ್ಲ. ಸೊಪ್ಪು ಕೊಯ್ಯುವುದು, ಪೇಟೆಗೆ ಹೊಡೆಯುವುದು, ಮಾರುವುದು. ಊರವರು ನನ್ನನ್ನು ‘ಅನೂರ್ನವ್ನು’ ಅನ್ನುತ್ತಿದ್ದರು. ಅದರಲ್ಲಿ ಬೈಗುಳವಿರಲಿಲ್ಲ, ಬಾ ಎನ್ನುವ ದನಿಯೂ ಇರಲಿಲ್ಲ.

ದೊಡ್ಡವ್ವ ಯಾರ ತೋಟದ ಪಕ್ಕ ಹಾದರೂ ಬಗ್ಗಿ ಒಂದು ಕಳೆ ಕಿತ್ತೇ ಮುಂದೆ ಹೋಗುವವರು. ಅಂಥವರು ಪಕ್ಕದ ಮನೆಯವನ ಜೊತೆ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಗೋಡೆ ದಾಟಿ ಬಾಗಿದ ಒಂದು ನುಗ್ಗೆಮರ ಕಾರಣ. ಕಾಯಿ ಯಾರದು ಎಂಬ ತಕರಾರು ಮರ ಒಣಗಿದ ಮೇಲೂ ಹಸಿಯಾಗಿಯೇ ಇತ್ತು.

ನಾವಿದ್ದ ಬೀದಿಗೆ ಒಂದು ಕಟ್ಟುಪಾಡು ಇತ್ತು. ರೇಷ್ಮೆ ಹುಳ ನಾಲ್ಕು ಸಲ ಮೇವು ಬಿಟ್ಟು ಮಂಕಾಗಿ ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ, ಪೊರೆ ಕಳಚಿ ಮುಗಿದರೆ ಜ್ವರ ಎದ್ದಿತು ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅದರದು ರಾಕ್ಷಸ ಹಸಿವು. ಆಗ ಮೇವು ತಪ್ಪಿದರೆ ಗೂಡು ಕಟ್ಟುವುದಿಲ್ಲ, ತಿಂಗಳ ದುಡಿಮೆ ತಿಪ್ಪೆಗೆ. ಅಂಥ ಹೊತ್ತಿನಲ್ಲಿ ಯಾರಿಗೆ ಸೊಪ್ಪು ಸಾಲದಿದ್ದರೂ ಇದ್ದವರು ಕೊಡಬೇಕು. ಬೆಲೆ ಕಟ್ಟುವಂತಿಲ್ಲ. ಮುಂದಿನ ಬೆಳೆಯಲ್ಲಿ ಸೊಪ್ಪಿಗೆ ಸೊಪ್ಪು.

ಒಂದು ಸಲ ಆ ಪಕ್ಕದ ಮನೆಯವನ ತೋಟಕ್ಕೆ ಎಮ್ಮೆಗಳು ನುಗ್ಗಿ ಕಡ್ಡಿಯಷ್ಟೇ ಉಳಿಸಿದವು. ಅವನ ಹುಳ ನಾಲ್ಕನೇ ಜ್ವರ ಎದ್ದಿತ್ತು. ಬೀದಿಯವರು ಮನೆಗೊಂದು ಕುಕ್ಕೆ ಕೊಟ್ಟರೂ ಸಾಲಲಿಲ್ಲ. ಬೆಳಿಗ್ಗೆ ನಾನು ಗಾಡಿ ತುಂಬಿಕೊಂಡು ಪೇಟೆಗೆ ಹೊರಟಿದ್ದೆ. ದೊಡ್ಡವ್ವ ನೊಗ ಹಿಡಿದರು.

“ಇಳ್ಸ್ಲಾ ಸೊಪ್ಪ.”

“ಕೊಳ್ಳೇಗಾಲ್ದಲ್ಲಿ ಒಳ್ಳೆ ರೇಟು ಅದೆ ದೊಡ್ಡವ್ವ. ನೀವೇನ್ ಕೊಟ್ಟೀರಿ?”

“ಮುಂದ್ಲ ಬೆಳೇಲಿ ಸೊಪ್ಪು ಕೊಡ್ತೀವಿ.”

“ಸೊಪ್ಪು ತಕಂಡು ನಾನೇನ್ ಮಾಡ್ಲಿ? ನಾನು ಉಳ ಸಾಕಾಕಿಲ್ಲ.”

“ಸಾಕು. ಯಾರ್ ಬ್ಯಾಡ ಅಂದವ್ರೆ?”

ನಾನು ಬೇರೆ ಪಟ್ಟು ಹಾಕಿದೆ. “ನೀವು ಅವ್ರ ಜೊತೆ ಮಾತೇ ಬುಟ್ಟಿದ್ದೀರಿ. ನಿಮ್ಗ್ಯಾಕೆ ದೊಡ್ಡವ್ವ?”

“ಮಾತು ಬುಟ್ಟಿರೋದು ಅವನ ಜೊತೆ ಕಣ್ಲಾ. ಅವನ ಉಳದ ಜೊತೆ ಅಲ್ಲ.”

ಅಷ್ಟರಲ್ಲಿ ಅವನೇ ಬಾಗಿಲಿಗೆ ಬಂದ. ರಾತ್ರಿಯೆಲ್ಲ ನಿದ್ದೆಗೆಟ್ಟ ಕಣ್ಣು. ಗಾಡಿ ನೋಡಿದವನೇ ತಲೆಯಾಡಿಸಿದ. “ಆ ತೋಟದ್ದು ನಂಗೆ ಬ್ಯಾಡ. ಮುಂಚೆ ಅಲ್ಲಿ ಮಾಡ್ತಿದ್ದೋನ ಉಳಕ್ಕೆಲ್ಲ ಸುಣ್ಣಕಟ್ಟು ಬಂದು ಓಯ್ತು. ಈ ಅನೂರ್ನವ್ನು ಯಾರೋ ಏನೋ.”

ಸುಣ್ಣಕಟ್ಟು ಅಂದರೆ ಹುಳ ಬೆಳ್ಳಗೆ ಸೆಟೆದು ಸಾಯುವ ರೋಗ. ಆ ಹೆಸರು ಕೇಳಿದ್ದೇ ಬೀದಿಯ ಜನ ನನ್ನ ಗಾಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು. ಇನ್ನು ಈ ಊರಲ್ಲಿ ನನ್ನ ಸೊಪ್ಪನ್ನು ಮೇಕೆಯೂ ಮೂಸುವುದಿಲ್ಲ ಎಂದುಕೊಂಡೆ.

ದೊಡ್ಡವ್ವ ಅವನ ಕಡೆ ತಿರುಗಲಿಲ್ಲ. ನನ್ನ ಎಡಗಡೆ ಎತ್ತಿನ ಹಣೆ ಸವರಿ ಅದಕ್ಕೇ ಹೇಳಿದರು: “ಬಸವಾ, ಈ ಸೊಪ್ಪ ಮೊದ್ಲು ನನ್ ಉಳಕ್ಕೆ ಆಕ್ತೀನಿ, ನೋಡ್ಕಳಕ್ಕೆ ಹೇಳು ಅವ್ನಿಗೆ.”

ಗಾಡಿಯಿಂದ ಎರಡು ತೆಕ್ಕೆ ಎಳೆದುಕೊಂಡರು. ನನಗೆ ಕಾಲು ತೊಳೆದು ಒಳಗೆ ಬಾ ಎಂದರು. ಹೊರಗಿನವರನ್ನು ಹುಳದ ಮನೆಗೆ ಬಿಡುವವರು ಆ ಕಾಲದಲ್ಲಿ ಯಾರೂ ಇರಲಿಲ್ಲ. ದೃಷ್ಟಿ, ಮೈಲಿಗೆ, ನೂರು ಭಯ. ಹುಳ ತುಂಬಿದ ಬಿದಿರು ತಟ್ಟೆ ತಟ್ಟೆಗೂ ನನ್ನ ಸೊಪ್ಪು ಹರಡಿದರು. ವರ್ಷದ ಬಟ್ಟೆ, ಮೊಮ್ಮಗಳ ಮದುವೆ, ಎಲ್ಲ ಆ ತಟ್ಟೆಗಳಲ್ಲೇ ಇತ್ತು. ಜನ ಬಾಗಿಲಲ್ಲಿ ನಿಂತು ಇಣುಕಿದರು. ಹುಳ ತಲೆಯೆತ್ತಿ ಮೇಯತೊಡಗಿತು.

ಮಧ್ಯಾಹ್ನದ ಮೇವಿನ ಹೊತ್ತಿಗೆ ಪಕ್ಕದ ಮನೆಯವನು ತಾನೇ ಬಂದು ಗಾಡಿ ಇಳಿಸಿಕೊಂಡ.

ಸಂಜೆ ನಾನು ಕೇಳಿದೆ: “ಅರ್ಧ ದಿನಕ್ಕೆ ರೋಗ ಗೊತ್ತಾಯ್ತದಾ ದೊಡ್ಡವ್ವ?”

“ಎಲ್ಲಾದ್ರೂ ಉಂಟಾ? ಗೊತ್ತಾಗೋದು ದಿನಗಟ್ಲೆ ಆದ್ಮೇಲೆ. ಅದು ಅವನ್ಗೂ ಗೊತ್ತು.”

“ಮತ್ಯಾಕೆ ತಕಂಡ?”

“ಮುಳುಗಿದ್ರೆ ನಾನೂ ಜೊತೇಲಿ ಮುಳುಗ್ತೀನಿ ಅಂತ ಕಂಡ್ನಲ್ಲ, ಅಷ್ಟು ಸಾಕಾಯ್ತು. ನೀನು ಉಣ್ಣೋಗು.”

ಎರಡೂ ಮನೆಯ ಹುಳ ಹಣ್ಣಾಗಿ ಗೂಡು ಕಟ್ಟುವವರೆಗೆ ನನಗೆ ಅನ್ನ ಇಳಿಯಲಿಲ್ಲ. ಗೂಡು ಗಟ್ಟಿಯಾಗಿಯೇ ಬಂತು. ಮುಂದಿನ ಬೆಳೆಗೆ ದೊಡ್ಡವ್ವ ತಮ್ಮ ಹಳೇ ತಟ್ಟೆಗಳನ್ನು ಕೊಟ್ಟು ನನ್ನಿಂದಲೂ ಹುಳ ಸಾಕಿಸಿದರು. ಹೇಳಿದ ಮಾತಿನಂತೆ ಸೊಪ್ಪಿನ ಕುಕ್ಕೆಗಳು ನನ್ನ ಬಾಗಿಲಿಗೆ ಬಂದವು.

ಆಮೇಲೆ ನನಗೊಂದು ಲೆಕ್ಕ ಹೊಳೆಯಿತು. ನಮ್ಮ ಊರ ಕಡೆಯೂ ಮಣ್ಣು ಇದೇ, ಮಳೆ ಇದೇ. ಆದರೆ ಅಲ್ಲಿ ಪ್ರತಿಯೊಬ್ಬನೂ ಸೊಪ್ಪು ಸಾಲದೆ ಹೋದೀತೆಂದು ಅರ್ಧ ತೋಟಕ್ಕಷ್ಟೇ ಹುಳ ಸಾಕುತ್ತಿದ್ದ. ಉಳಿದರ್ಧ ಭಯಕ್ಕೆ ಮೀಸಲು. ಈ ಬೀದಿಯವರು ತೋಟದ ಕೊನೇ ಎಲೆವರೆಗೂ ಲೆಕ್ಕ ಹಾಕಿ ಸಾಕುತ್ತಿದ್ದರು. ಕಮ್ಮಿ ಬಿದ್ದರೆ ಬೀದಿ ಇದೆ. ಇವರ ಮನೆಗಳಿಗೆ ಹೆಂಚು ಬಂದದ್ದು, ನಮ್ಮವು ಹುಲ್ಲಲ್ಲೇ ಉಳಿದದ್ದು ಈ ಒಂದು ವ್ಯತ್ಯಾಸದಿಂದ ಎಂದು ನಾನು ಯಾರ ಜೊತೆ ಬೇಕಾದರೂ ವಾದಿಸಬಲ್ಲೆ. ನಾನು ಗೂಡಿನ ವ್ಯಾಪಾರಕ್ಕೆ ಇಳಿದಾಗ ಯಳಂದೂರು ಕಡೆಯ ರೈತರು “ನೀವ್ಯಾರು ಸಾ?” ಎಂದರೆ “ದೊಡ್ಡವ್ವನ ಎದುರುಮನೆಯವನು” ಎನ್ನುತ್ತಿದ್ದೆ. ಎರಡು ಸರ್ಕಾರಗಳ ಗಡಿ ದಾಟಿಯೂ ಆ ಮಾತು ನಡೆಯುತ್ತಿತ್ತು.

ದೊಡ್ಡವ್ವ ತೀರಿಕೊಂಡದ್ದೂ ಬೆಳೆಯ ಕಾಲದಲ್ಲೇ. ಅವರ ತಟ್ಟೆಗಳಲ್ಲಿ ಹುಳ ನಾಲ್ಕನೇ ಜ್ವರ ಎದ್ದಿತ್ತು. ಸೂತಕದ ಮನೆ, ಮನೆಯವರು ಹುಳ ಮುಟ್ಟುವಂತಿಲ್ಲ. ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಅವರ ಜಗುಲಿಯ ಮೇಲೆ ಕೂತಿದ್ದೆವು. ಪಕ್ಕದ ಮನೆಯವನು ಬಂದ. ಕೊನೆತನಕ ಅವರಿಬ್ಬರೂ ಮಾತಾಡಿರಲಿಲ್ಲ. ಅವನು ಜಗುಲಿ ಹತ್ತದೆ ನೇರ ನನ್ನ ಗಾಡಿಯ ಬಳಿ ಹೋಗಿ, ಮುದಿಯಾಗಿದ್ದ ಆ ಎಡಗಡೆ ಎತ್ತಿನ ಹಣೆಯ ಮೇಲೆ ಕೈಯಿಟ್ಟ.

“ಬಸವಾ, ಉಳ ಹಣ್ಣಾಗೋ ಗಂಟ ಸೊಪ್ಪು ನಂದು, ಗೇಯ್ಮೇನೂ ನಂದೇ ಅಂತ ಹೇಳು ದೊಡ್ಡವ್ವಂಗೆ.”

ಹೇಳಿದಂತೆ ಮಾಡಿದ.

ಹೊಸ ಊರಿಗೆ ವ್ಯಾಪಾರಕ್ಕೆ ಹೋಗುವವರಿಗೆ ನನ್ನದೊಂದು ಬುದ್ಧಿಮಾತು. ಹೋದೊಡನೆ ಬೆಲೆ ವಿಚಾರಿಸಬೇಡಿ. ಇಲ್ಲಿ ಮಾತು ಬಿಟ್ಟವನ ಕಷ್ಟಕ್ಕೂ ಯಾರು ಬರುತ್ತಾರೆ ಎಂದು ವಿಚಾರಿಸಿ, ಅವರ ಎದುರಿಗೆ ಮನೆ ಹಿಡಿಯಿರಿ, ಬಾಡಿಗೆ ಎರಡು ಕಾಸು ಹೆಚ್ಚಾದರೂ ಸರಿ. ಗೂಡಿಗೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ನಾನೂ ಮಾಡುತ್ತೇನೆ. ನಾಲ್ಕನೇ ಜ್ವರ ಎದ್ದ ಹುಳದ ಸೊಪ್ಪಿಗೆ ಮಾತ್ರ ಮಾಡಬೇಡಿ. ಗಾಡಿ ಇಳಿಸಿಬಿಡಿ.